ಅಪ್ಪನನ್ನು ಮಣ್ಣು ಮಾಡಿದ ಜಾಗ

ನಮ್ಮೂರಿನ ಕ್ರೈಸ್ತರಿಗೆ ಚರ್ಚು ಒಂದೇ, ಸಮಾಧಿ ಜಾಗ ಮಾತ್ರ ಎರಡು. ಮೇಲುಗಡೆ ಊರಿನವರದು, ಕಾಲುವೆಯಾಚೆ ತಗ್ಗಿನಲ್ಲಿ ಕೇರಿಯ ನಮ್ಮದು. ಪರಮಪ್ರಸಾದಕ್ಕೆ ಮೊದಲು ಊರಿನವರು, ಆಮೇಲೆ ನಾವು ಅನ್ನುವ ಪದ್ಧತಿ ನಾನು ಹುಡುಗನಾಗಿದ್ದಾಗಲೇ ನಿಂತಿತ್ತು. ಸತ್ತವರ ವಿಷಯದಲ್ಲಿ ನಿಂತಿರಲಿಲ್ಲ.

2021ರ ಮೇ ತಿಂಗಳಲ್ಲಿ ಅಪ್ಪ ಕೋವಿಡ್‌ನಿಂದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಕ್ಸಿಜನ್ ಇರುವ ಹಾಸಿಗೆ ಸಿಗುವ ಹೊತ್ತಿಗೆ ಅವರ ಮಾತು ನಿಂತುಹೋಗಿತ್ತು. ಚೀಲದಲ್ಲಿ ಸುತ್ತಿ ಕೊಟ್ಟರು, ಮುಖ ನೋಡಲಾಗಲಿಲ್ಲ. ಅವ್ವನಿಗೂ ಸೋಂಕು ತಗುಲಿತ್ತು. ಒಳಕೋಣೆಯಲ್ಲಿ ಒಬ್ಬಳೇ ಜಪಸರ ಹಿಡಿದು ಕೂತಿದ್ದಳು. ರಾತ್ರಿ ಸುರಿದ ಮಳೆಗೆ ನಮ್ಮ ತಗ್ಗಿನಲ್ಲಿ ಎಲ್ಲಿ ಅಗೆದರೂ ನೀರು. ಅಗೆಯಲು ಜನವೂ ಇಲ್ಲ, ನೆಂಟರು ಹೆದರಿ ಬಾಗಿಲು ಹಾಕಿಕೊಂಡಿದ್ದರು.

ಮೇಲಿನ ಜಾಗದಲ್ಲೇ ಹೂಳೋಣ ಎಂದರು ಫಾದರ್. ಊರಿನ ಇಬ್ಬರು ಹಿರಿಯರು ಗೇಟಿಗೆ ಅಡ್ಡ ನಿಂತರು. ಕಾಯಿಲೆ ಹರಡುತ್ತದೆ ಎಂದರು. ಅದೇ ಕಾಯಿಲೆಯಿಂದ ಸತ್ತ ತಮ್ಮವರನ್ನು ಅವರು ಅಲ್ಲೇ ಹೂತಿದ್ದರು. ಅಪ್ಪನ ಹೆಣ ರಸ್ತೆಯಲ್ಲಿತ್ತು. ಆಗ ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಗೆ ಸೇರಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ದಲಿತ ಕ್ರೈಸ್ತರಾದ ನಮ್ಮನ್ನು ಸೇರಿಸಲಿಲ್ಲ. ಕ್ರೈಸ್ತರಿಗೆ ಎಲ್ಲಿಯ ಜಾತಿ ಎಂದು ಕಚೇರಿಗಳಲ್ಲಿ ಅಪ್ಪನನ್ನು ಕೇಳಿದವರಿದ್ದರು. ನಮ್ಮ ಜಾತಿ ಯಾವುದೆಂದು ಗೇಟಿನಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಊರಿನ ಅಜ್ಜಿಯೊಬ್ಬರು ಸೆರಗನ್ನು ಬಾಯಿಗೆ ಕಟ್ಟಿಕೊಂಡು ಬಂದರು. “ನಮ್ಮ ಯಜಮಾನರ ಪಕ್ಕ ನನಗೇ ಅಂತ ಜಾಗ ಇಟ್ಕೊಂಡಿದೀನಿ, ಅಲ್ಲಿ ಮಲಗಿಸಿ. ಒಂದೇ ಪ್ರಸಾದ ತಗೊಂಡವರು ನಾವು. ಮಣ್ಣಿಗೆ ಹೋಗುವಾಗ ಬೇರೆ ಮಾಡೋಕೆ ನೀವ್ಯಾರು?” ಹಿರಿಯರು ಸರಿದು ನಿಂತರು. ಅಜ್ಜಿಯ ಮೊಮ್ಮಗ ಗೆಳೆಯರನ್ನು ಕರೆತಂದು, ಪಿಪಿಇ ಕಿಟ್ ತೊಟ್ಟು ಆಳವಾಗಿ ಗುಂಡಿ ತೋಡಿದ. ಹಗ್ಗದ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವನು.

ಜಾತಿಭೇದ ಘೋರ ಸಾಮಾಜಿಕ ಪಾಪ ಎಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರ ತಮ್ಮ ದಲಿತ ಸಬಲೀಕರಣ ನೀತಿಯಲ್ಲೇ ಬರೆದಿದ್ದಾರೆ. ಅಜ್ಜಿ ಅದನ್ನು ಓದಿದವರಲ್ಲ. ಪೂಜೆಯಲ್ಲಿ ಕೇಳಿದ್ದನ್ನು ನಂಬಿದವರು.

ಆಮೇಲೆ ಆ ಹುಡುಗರ ಜೊತೆ ನಾನೂ ಸೇರಿಕೊಂಡೆ. ಸುಡಬೇಕಾದವರನ್ನು ಸುಟ್ಟೆವು, ಹೂಳಬೇಕಾದವರನ್ನು ಹೂತೆವು. ಯಾರ ಮನೆಯ ಹೆಣವೆಂದು ಕೇಳಲಿಲ್ಲ. ಗೇಟಿಗೆ ಅಡ್ಡ ನಿಂತಿದ್ದವರೊಬ್ಬರ ತಮ್ಮನನ್ನೂ ಹೊತ್ತೆ. ಅವರು ನನಗೆ ಕೈಮುಗಿದರು, ನಾನು ಮುಗಿಯಲಿಲ್ಲ. ಸಿಟ್ಟು ಹಾಗೇ ಇತ್ತು, ಇರುವುದು ನ್ಯಾಯವೂ ಆಗಿತ್ತು.

ಮರುವರ್ಷ ತಪಸ್ಸುಕಾಲದಲ್ಲಿ ಅವರು ಕೇರಿಗೆ, ನಮ್ಮ ಮನೆಗೇ ಬಂದರು. ಅವ್ವನ ಮುಂದೆ ಕೂತು “ತಪ್ಪಾಯ್ತಮ್ಮ” ಎಂದರು. ಅವ್ವ ಬಹಳ ಹೊತ್ತು ಸುಮ್ಮನಿದ್ದು, ಎದ್ದು ಮುದ್ದೆ ಬಡಿಸಿದಳು. ಅವರು ಉಂಡರು. ಅವರ ಮನೆತನದವರು ನಮ್ಮ ಕೇರಿಯಲ್ಲಿ ಉಂಡದ್ದನ್ನು ಅವ್ವ ಅದಕ್ಕೆ ಮೊದಲು ಕಂಡಿರಲಿಲ್ಲ. ಅವ್ವ ಕ್ಷಮಿಸಿದ್ದು ಅವತ್ತೇ. ನನಗೆ ಇನ್ನೂ ಕೆಲವು ತಿಂಗಳು ಬೇಕಾದವು. ಅವರು ಚರ್ಚಿನ ಸಭೆಯಲ್ಲಿ ಎಲ್ಲರೆದುರು ಅದೇ ಮಾತು ಹೇಳಿ, ಇನ್ನು ಮುಂದೆ ಎಲ್ಲರನ್ನೂ ಮೇಲಿನ ಜಾಗದಲ್ಲೇ ಹೂಳಬೇಕು ಎಂದು ಪಟ್ಟು ಹಿಡಿದ ದಿನ ನಾನು ಅವರ ಕೈ ಹಿಡಿದೆ.

ಊರಿಗೂ ಕೇರಿಗೂ ಹೆಣ್ಣು ಕೊಟ್ಟು ತಂದದ್ದು ಇವತ್ತಿಗೂ ಇಲ್ಲ. ಮುಂದಿನ ಸಭೆಯಲ್ಲಿ ಆ ಮಾತು ಎತ್ತುತ್ತೇನೆ. ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ಅವರು ಹೇಳಿದ್ದಾರೆ.