ಲೆಕ್ಕದೊಳಗಿನ ಮಾತು

"ಕೂಡಬೇಕೋ, ಕಳೆಯಬೇಕೋ?" - ಮಕ್ಕಳಿರುವ ಮನೆಯಲ್ಲಿ ದೀಪ ಹೊತ್ತಿದ ಮೇಲೆ ಈ ಪ್ರಶ್ನೆ ಕೇಳಿಬರದ ದಿನ ಅಪೂರ್ವ. "ಮೂರು ನಾಲ್ಕಲ ಹನ್ನೆರಡು" ಎಂದು ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುವ ಮಗು, ಅದೇ ಮಗ್ಗಿ ನಾಲ್ಕು ವಾಕ್ಯಗಳ ಕಥೆಯಾಗಿ ಎದುರಿಗೆ ಬಂದೊಡನೆ ಕಣ್ಣು ಕಣ್ಣು ಬಿಡುತ್ತದೆ. ಹಿರಿಯರು ಕೈಗೆಲಸ ಬಿಡದೆ "ಕೂಡು" ಎನ್ನುತ್ತಾರೆ, ಮಗು ಕೂಡುತ್ತದೆ, ಉತ್ತರ ಸರಿಯಾಗುತ್ತದೆ. ಲೆಕ್ಕ ಮಾಡಿದವರು ಯಾರು ಎಂಬುದು ಮಾತ್ರ ವಿಚಾರಿಸಬೇಕಾದ ಸಂಗತಿ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಸೀಮೆ. ಅಲ್ಲಿಯ ಕರೂರಿನಂಥ ಊರಿನ ಮಗುವಿಗೆ ಭತ್ತದ ಚೀಲವೆಂದರೆ ಪುಸ್ತಕದ ಚಿತ್ರವಲ್ಲ. ಚೀಲಗಳು 100, ಟ್ರಾಕ್ಟರಿಗೆ ಒಂದು ಸಲಕ್ಕೆ 30 ಹಿಡಿಯುತ್ತವೆ, ಎಷ್ಟು ಸಲ ಹೋಗಬೇಕು? ಕಣದಲ್ಲಿ ಕೇಳಿದರೆ "ನಾಲ್ಕು ಸಲ" ಎಂದೀತು. ಹತ್ತು ಚೀಲವನ್ನು ಬಯಲಲ್ಲಿ ಬಿಟ್ಟು ಬರುವ ರೈತನನ್ನು ಅದು ಕಂಡಿಲ್ಲ. ಅದೇ ಪ್ರಶ್ನೆ ಶಾಲೆಯಲ್ಲಿ ಬಂದರೆ "ಭಾಗಲಬ್ಧ 3, ಶೇಷ 10" ಎಂದು ಬರೆದು ಕೈತೊಳೆದುಕೊಳ್ಳುವ ಸಂಭವವೇ ಹೆಚ್ಚು.

ಇದು ಒಂದು ಊರಿನ ಕಷ್ಟವಲ್ಲ. "ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ನಾಯಕನ ವಯಸ್ಸೆಷ್ಟು?" ಎಂದು ಸುಮಾರು 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಗಣಿತಜ್ಞರು ಕೇಳಿದಾಗ, 97 ಮಕ್ಕಳಲ್ಲಿ 76 ಮಂದಿ ಅಂಕಿಗಳನ್ನು ಸೇರಿಸಿ ವಯಸ್ಸನ್ನೂ ಹೇಳಿಬಿಟ್ಟರು! ಬ್ರೆಜಿಲ್ ದೇಶದ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತ ವರದಿಯೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಅವರ ಲೆಕ್ಕ ನೂರಕ್ಕೆ 98 ಸರಿ. ಪರೀಕ್ಷೆಯಲ್ಲಿ ಕಥೆಯಾಗಿ ಕೇಳಿದಾಗ 74. ಬರಿಯ ಅಂಕಿಯಾಗಿ ಕೇಳಿದಾಗ 37. ಅಂದಮೇಲೆ ಕಥೆ ಲೆಕ್ಕದ ಶತ್ರುವಲ್ಲ. ಅರ್ಥವಾಗದ ಕಥೆಯೇ ಶತ್ರು.

ಕನ್ನಡದ ಲೆಕ್ಕಗಳನ್ನೇ ನೋಡಬಹುದು. "ರಾಮನ ಬಳಿ 8 ಗೋಲಿಗಳಿವೆ. ಅವು ಶಾಮನ ಗೋಲಿಗಳಿಗಿಂತ 3 ಹೆಚ್ಚು. ಶಾಮನ ಬಳಿ ಎಷ್ಟು?" "ಹೆಚ್ಚು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಗು ಕೂಡಿ 11 ಎನ್ನುತ್ತದೆ; ಉತ್ತರ 5. "ಮೂವರಿಗೆ ಎರಡು ಹಣ್ಣು" ಎಂಬುದಕ್ಕೂ "ಮೂವರಿಗೆ ಎರಡೆರಡು ಹಣ್ಣು" ಎಂಬುದಕ್ಕೂ ನಾಲ್ಕು ಹಣ್ಣಿನ ಅಂತರ. ಆ ಇಡೀ ಗುಣಾಕಾರ ಒಂದು ದ್ವಿರುಕ್ತಿಯಲ್ಲಿ ಅಡಗಿದೆ. 1953ರ ತನಕ ಮದರಾಸಿಗೆ ಸೇರಿದ್ದ ಈ ಗಡಿಸೀಮೆಯಲ್ಲಿ ಮನೆಯ ಮಾತು ತೆಲುಗಾಗಿರುವ ಮಕ್ಕಳೂ ಉಂಟು. ಅವರು ಲೆಕ್ಕವನ್ನು ಮುಟ್ಟುವ ಮುನ್ನ ಭಾಷೆಯ ಹೊಳೆಯೊಂದನ್ನು ದಾಟಬೇಕು.

ಕಥೆಯ ಲೆಕ್ಕ ಈ ನಾಡಿಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣು, ಹೂವು, ವ್ಯಾಪಾರಗಳನ್ನೇ ಲೆಕ್ಕವಾಗಿಸಿದ. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದ. ಗಣಿತ ಬಾಳಿನ ವ್ಯವಹಾರದಿಂದ ಹುಟ್ಟಿದ್ದೆಂದು ಆ ಹಿರಿಯರು ಬಲ್ಲರು.

ತಂದೆತಾಯಿಗಳು ಮಾಡಬಹುದಾದದ್ದು ಅಲ್ಪ, ಆದರೆ ಅಮೂಲ್ಯ. ಮೊದಲು ಅಂಕಿಗಳನ್ನು ಮರೆತು ಕಥೆಯನ್ನು ಮಗುವಿನ ಬಾಯಿಂದಲೇ ಹೇಳಿಸಬೇಕು. ಯಾರ ಬಳಿ ಏನಿತ್ತು, ಏನಾಯಿತು, ಕೇಳಿರುವುದೇನು? ಬಳಿಕ ಹುಣಸೆಬೀಜವನ್ನಿಟ್ಟೋ ಗೆರೆ ಎಳೆದೋ ತೋರಿಸಲಿ. ಕೊನೆಗೆ, "ಈ ಉತ್ತರ ನಡೆಯುವಂಥದ್ದೇ?" ಎಂದು ಕೇಳಬೇಕು. ಇಷ್ಟಕ್ಕೆ ಹತ್ತು ನಿಮಿಷ ಸಾಕು.

"ಕೂಡು" ಎಂಬ ಅವಸರದ ಮಾತು ಒಂದು ಲೆಕ್ಕವನ್ನು ಬಿಡಿಸುತ್ತದೆ. "ದಡ್ಡ" ಎಂಬ ಅವಸರದ ಮಾತಾದರೋ, ಕಣದಲ್ಲಿ ನಾಲ್ಕು ಸಲವೆಂದು ಸರಿಯಾಗಿಯೇ ಹೇಳಬಲ್ಲ ಮಗುವನ್ನು ಗಣಿತದಿಂದಲೇ ಬಿಡಿಸಿಬಿಡುತ್ತದೆ.