ಓರೆ ಪಾಸಿನ ಸುಖ

ಪೀಣ್ಯದ ನಮ್ಮ ಶೆಡ್ಡಿನಲ್ಲಿ ರಾತ್ರಿ ಪಾಳಿ ಮುಗಿದ ಮೇಲೆ ಸಿಎನ್‌ಸಿ ಲೇತಿನ ಟರೆಟ್‌ನಿಂದ ಇನ್ಸರ್ಟ್ ಬಿಚ್ಚಿ ಭೂತಗನ್ನಡಿಯ ಕೆಳಗೆ ಹಿಡಿದೆ. ಇಡೀ ಪಾಳಿ 304 ಸ್ಟೇನ್‌ಲೆಸ್ ಸ್ಟೀಲನ್ನು ಸುಲಿದ ಅಂಚು ಅದು. ಎಲ್ಲೂ ಕಚ್ಚು ಬಿದ್ದಿರಲಿಲ್ಲ, ಸವೆತ ಉದ್ದಕ್ಕೂ ತೆಳುವಾಗಿ ಹರಡಿತ್ತು. ಕಣ್ಣಿಗೆ ಹಬ್ಬ!

ಇದು ಓರೆ ಪಾಸಿನ ಫಲ. 304ರ ಮೇಲ್ಮೈ ಕತ್ತರಿಸಿದಷ್ಟೂ ಗಡುಸಾಗುತ್ತದೆ. ಪ್ರತಿ ಪಾಸಿನಲ್ಲೂ ಒಂದೇ ಸಮ ಎರಡು ಮಿಲಿಮೀಟರ್ ಆಳಕ್ಕೆ ಹೋದರೆ ಆ ಗಡುಸು ಪದರ ಅಂಚಿನ ಅದೇ ಜಾಗವನ್ನು ಕೊರೆಯುತ್ತಲೇ ಇರುತ್ತದೆ. ನಾನು ಮೊದಲ ಪಾಸನ್ನು ಮೂರು ಮಿಲಿಮೀಟರ್ ಆಳದಲ್ಲಿ ಶುರುಮಾಡಿ, ಚಕ್ಕಿನ ಕಡೆಗೆ ಹೋಗುತ್ತಾ ಒಂದಕ್ಕೆ ಇಳಿಸುತ್ತೇನೆ. ಎರಡನೆಯದು ನೇರ ಪಾಸು. ಅದರ ಆಳ ತಾನಾಗಿಯೇ ಒಂದರಿಂದ ಮೂರಕ್ಕೆ ಬೆಳೆಯುತ್ತದೆ. ಎರಡು ಪಾಸಿಗೆ ತೆಗೆದದ್ದು ಆಗಲೂ ನಾಲ್ಕು, ಈಗಲೂ ನಾಲ್ಕು. ಆದರೆ ಪೆಟ್ಟು ತಿನ್ನುವ ಜಾಗ ಅಂಚಿನ ಮೇಲೆ ಜಾರುತ್ತಾ ಇರುತ್ತದೆ.

ಒಂದೇ ಆಳದ ನೇರ ಪಾಸುಗಳನ್ನು ತಾನೇ ಹಾಕುವ ಜಿ71 ಸೈಕಲ್ಲಿನ ಭಕ್ತರಿಗೆ ಇದು ರುಚಿಸುವುದಿಲ್ಲ. ‘ಎರಡು ಸಾಲು ಬರೆದರೆ ಮುಗಿಯೋ ಕೆಲಸಕ್ಕೆ ಯಾಕೆ ಸಾರ್ ಇಷ್ಟುದ್ದ?’ ಎನ್ನುತ್ತಾರೆ. ಇಎನ್8 ಉಕ್ಕಿನ ಸರಳಿಗೆ ಜಿ71 ಧಾರಾಳವಾಗಿ ಸಾಕು, ನಾನೂ ಅದನ್ನೇ ಹಾಕುತ್ತೇನೆ. ಸ್ಟೇನ್‌ಲೆಸ್ಸಿಗೂ ಅದೇ ಎಂದರೆ ಲೋಹವನ್ನು ನೋಡದೇ ಬರೆದಂತೆ.

ಫಿನಿಶಿಂಗ್ ಪಾಸಿನ ವಿಚಾರಕ್ಕೆ ಬಂದರೆ ನನ್ನ ತಾಳ್ಮೆ ಉಳಿಯುವುದಿಲ್ಲ. ಡ್ರಾಯಿಂಗ್ ಕೇಳುವ ಮೇಲ್ಮೈ ಒರಟುತನ ಆರ್ಎ 3.2. ಮೂತಿಯ ತ್ರಿಜ್ಯ 0.8 ಇರುವ ಇನ್ಸರ್ಟಿಗೆ 0.15 ಫೀಡ್ ಕೊಟ್ಟರೆ ಲೆಕ್ಕದ ಪ್ರಕಾರ ಗೆರೆಗಳ ಎತ್ತರ ಸುಮಾರು 3.5 ಮೈಕ್ರಾನ್, ಆರ್ಎ ಅದರ ಕಾಲು ಭಾಗದ ಆಸುಪಾಸು. ಬೇಕಾದ್ದಕ್ಕಿಂತ ನುಣುಪು. ಆದರೂ ನಮ್ಮವರು 0.1 ಮಿಲಿಮೀಟರ್ ಲೋಹ ಉಳಿಸಿ 0.05 ಫೀಡಿನಲ್ಲಿ ಸವರುತ್ತಾರೆ. ಅಷ್ಟು ಕಡಿಮೆಯಲ್ಲಿ ಇನ್ಸರ್ಟ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಚಿಪ್ಪು ಮುರಿಯದೆ ಶಾವಿಗೆಯಂತೆ ಎಳೆ ಬಿಟ್ಟು ಜಾಬಿಗೂ ಚಕ್ಕಿಗೂ ಸುತ್ತಿಕೊಳ್ಳುತ್ತದೆ. ಅದನ್ನು ಬಿಡಿಸುವವರು ಯಾರು? ಎಸಿ ರೂಮಿನ ಪ್ರೋಗ್ರಾಮರ್ ಅಲ್ಲ. ಬಾಗಿಲು ತೆಗೆದು ಕೊಕ್ಕೆ ಹಾಕಿ ಎಳೆಯುವವನು ಐಟಿಐ ಮುಗಿಸಿ ಬಂದ ಹುಡುಗ. ಬ್ಲೇಡಿನಷ್ಟು ಹರಿತವಾದ ಆ ಎಳೆ ಗ್ಲೌಸನ್ನೂ ಸೀಳುತ್ತದೆ. ಅರ್ಧ ಮಿಲಿಮೀಟರ್ ಉಳಿಸಿ ಫೀಡ್ ಏರಿಸಿ ಎಂದು ಹೇಳಿ ಹೇಳಿ ಬಾಯಿ ನೋಯುತ್ತಿದೆ. ‘ಸಾಫ್ಟ್‌ವೇರ್ ಹಂಗೇ ಕೊಡುತ್ತೆ ಸಾರ್’ ಅನ್ನುವ ಉತ್ತರ ಕೇಳಿದರೆ ಮೈ ಉರಿಯುತ್ತದೆ. ಆ ಅಂಕಿ ತುಂಬಿದವರು ನೀವೇ ಅಲ್ಲವೇ?

ಎಚ್‌ಎಂಟಿ ಲೇತಿನ ಮುಂದೆ ಬದುಕು ಕಳೆದ ಹಳೆಯ ಟರ್ನರುಗಳು ಈ ತೊಂದರೆಯನ್ನು ಕೈಯಲ್ಲೇ ನೀಗಿಸುತ್ತಿದ್ದರು. ಚಿಪ್ಪು ಉದ್ದವಾಗುವ ಸೂಚನೆ ಕಂಡೊಡನೆ ಹ್ಯಾಂಡ್‌ವೀಲನ್ನು ಕ್ಷಣಮಾತ್ರ ತಡೆಯುತ್ತಿದ್ದರು. ಚಿಪ್ಪು ಪಟ್ಟನೆ ಮುರಿದು ಟ್ರೇಗೆ ಬೀಳುತ್ತಿತ್ತು. ಎರಡು ಚಕ್ರಗಳನ್ನು ಎರಡು ಕೈಯಲ್ಲಿ ತಿರುಗಿಸಿ ದುಂಡು ಮೂಲೆ ತೆಗೆಯುತ್ತಿದ್ದವರು ಅವರು. ಯಾವ ದಾರಿಯಲ್ಲಿ ಟೂಲ್ ಹೋದರೆ ಲೋಹ ಏನು ಮಾಡುತ್ತದೆ ಎಂಬುದು ಅವರ ಅಂಗೈಗೆ ತಿಳಿದಿತ್ತು.

ಅವರ ಆ ತಡೆಯನ್ನು ಈಗ ರಫ್ ಬೋರಿಂಗಿಗೆ ಬರೆಯುತ್ತಿದ್ದೇನೆ. ತೂತಿನೊಳಗೆ ಚಿಪ್ಪು ಸಿಕ್ಕಿಕೊಂಡರೆ ಕೊಕ್ಕೆಯೂ ತಲುಪುವುದಿಲ್ಲ. ಎಂಟು ಮಿಲಿಮೀಟರ್ ಒಳಗೆ ಹೋಗು, 0.3 ಹಿಂದೆ ಸರಿ, ಮತ್ತೆ ಎಂಟು. ಫಿನಿಶಿಂಗಿಗೆ ಲೋಹ ಉಳಿದಿರುವುದರಿಂದ ನಿಂತ ಗುರುತುಗಳು ಅದರಲ್ಲೇ ಹೋಗುತ್ತವೆ. ಎಂಟನ್ನು ಆರಕ್ಕೆ ಇಳಿಸಬೇಕೇ ಎಂಬುದನ್ನು ನಾಳೆ ಟ್ರೇಯಲ್ಲಿ ಬೀಳುವ ಚಿಪ್ಪಿನ ಉದ್ದ ನೋಡಿ ತೀರ್ಮಾನಿಸುತ್ತೇನೆ.