ಮೊಣಕಾಲಿನೊಳಗಿನ ಅರ್ಧಚಂದ್ರ

ಆ ನಿವೃತ್ತ ಕನ್ನಡ ಅಧ್ಯಾಪಕರು ನೆಲದ ಮೇಲೆ ಕುಳಿತುಕೊಳ್ಳುವುದನ್ನು ಬಿಟ್ಟು ಬಹಳ ವರ್ಷಗಳಾದವು. ಹಳಗನ್ನಡ ಕಾವ್ಯವಾಚನದ ಗೋಷ್ಠಿಗಳಲ್ಲಿ ಎಲ್ಲರೂ ಜಮಖಾನೆಯ ಮೇಲೆ ಕುಳಿತರೆ, ಗೋಡೆಯ ಪಕ್ಕದ ಕುರ್ಚಿಯೇ ಅವರ ಸ್ಥಾನ. ಅವರ ಬಲಗಾಲು ಮೊಣಕಾಲಿನ ಬಳಿ ಬಿಲ್ಲಿನಂತೆ ಹೊರಕ್ಕೆ ಬಾಗಿದೆ. ಮೆಟ್ಟಿಲು ಇಳಿಯುವಾಗ ಅವರು ಮಾತು ನಿಲ್ಲಿಸುತ್ತಾರೆ.

ಈ ನೋವಿನ ಮೂಲ 1968ರಷ್ಟು ಹಿಂದಿನದು. ಕಾಲೇಜಿನ ಕಬಡ್ಡಿ ಅಂಕಣದಲ್ಲಿ ಪಾದವನ್ನು ನೆಲಕ್ಕೂರಿ, ಮಡಿಸಿದ ಮೊಣಕಾಲಿನ ಮೇಲೆ ದೇಹವನ್ನು ಥಟ್ಟನೆ ತಿರುಗಿಸಿದಾಗ ಒಳಗೇನೋ ಹರಿದಂತಾಯಿತು. ಮರುದಿನ ಮಂಡಿ ಊದಿಕೊಂಡಿತು. ಕೆಲವು ವಾರಗಳಲ್ಲಿ ಕಾಲು ಪೂರ್ತಿ ನೀಳವಾಗದೆ ನಡುವೆಯೇ ಸಿಕ್ಕಿಕೊಳ್ಳತೊಡಗಿತು. ಶಸ್ತ್ರವೈದ್ಯರು ಕೀಲನ್ನು ತೆರೆದು, ಒಳಬದಿಯ ಮಿನಿಸ್ಕಸ್ ಎಂಬ ಮೃದ್ವಸ್ಥಿಯನ್ನು ಸಂಪೂರ್ಣವಾಗಿ ತೆಗೆದುಹಾಕಿದರು. ಕೆಲವೇ ತಿಂಗಳಲ್ಲಿ ಆ ತರುಣ ಮತ್ತೆ ಅಂಕಣಕ್ಕಿಳಿದ. ಚಿಕಿತ್ಸೆ ಸಫಲವಾಯಿತೆಂದು ಎಲ್ಲರೂ ಭಾವಿಸಿದರು.

ಮೊಣಕಾಲನ್ನು ಬಾಗಿಲಿನ ತಿರುಗಣಿಗೆ ಹೋಲಿಸುವ ರೂಢಿಯುಂಟು; ಆದರೆ ಅದರ ರಚನೆ ಅಷ್ಟು ಸರಳವಲ್ಲ. ತೊಡೆಯೆಲುಬಿನ ಎರಡು ದುಂಡನೆಯ ತುದಿಗಳು ಕಣಕಾಲೆಲುಬಿನ ಬಹುಮಟ್ಟಿಗೆ ಚಪ್ಪಟೆಯಾದ ನೆತ್ತಿಯ ಮೇಲೆ ನಿಲ್ಲುತ್ತವೆ. ಮುಂದೆ ಮಂಡಿಚಿಪ್ಪಿನ ಕಾವಲು. ಎರಡು ಪಕ್ಕಗಳಲ್ಲಿ ಒಂದೊಂದು, ಒಳಗೆ ಕತ್ತರಿಯಾಕಾರದಲ್ಲಿ ಎರಡು, ಹೀಗೆ ನಾಲ್ಕು ಅಸ್ಥಿರಜ್ಜುಗಳು ಕೀಲನ್ನು ಬಿಗಿದು ಹಿಡಿದಿವೆ. ಓಡುತ್ತಾ ದಿಕ್ಕು ಬದಲಿಸುವ ಆಟಗಾರರಲ್ಲಿ ಹೆಚ್ಚಾಗಿ ಹರಿಯುವ ಎಸಿಎಲ್ ಒಳಗಿನ ಎರಡರಲ್ಲಿ ಮುಂದಿನದು. ದುಂಡಗಿನ ಎಲುಬಿಗೂ ಚಪ್ಪಟೆ ಎಲುಬಿಗೂ ನಡುವಣ ಹೊಂದಾಣಿಕೆಯ ಕಾರ್ಯವನ್ನು ಮಾಡುವುದು ಅರ್ಧಚಂದ್ರಾಕೃತಿಯ ಎರಡು ಮಿನಿಸ್ಕಸ್‌ಗಳು. ಅವು ದೇಹದ ಭಾರವನ್ನು ವಿಶಾಲವಾಗಿ ಹಂಚುತ್ತವೆ. ಅವು ಇಲ್ಲವಾದರೆ ಅದೇ ಭಾರ ಕಿರಿದಾದ ಜಾಗದ ಮೇಲೆ ಬಿದ್ದು ಕೀಲು ಸವೆಯುತ್ತದೆ.

ಈ ತಿಳಿವು ವೈದ್ಯಲೋಕಕ್ಕೆ ತಡವಾಗಿ ಬಂದಿತು. 1883ರಲ್ಲಿಯೇ ಎಡಿನ್‌ಬರೋದ ಥಾಮಸ್ ಅನ್ನಾಂಡೇಲ್ ಹರಿದ ಮಿನಿಸ್ಕಸ್ಸನ್ನು ಹೊಲಿದು ಉಳಿಸಿದ್ದ. ಆದರೆ ಅದೇ ಶತಮಾನದ ಕೊನೆಯಲ್ಲಿ ಬ್ಲಾಂಡ್-ಸಟನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ ಅದನ್ನು ಕಾಲಿನ ಸ್ನಾಯುಗಳ ನಿರುಪಯುಕ್ತ ಅವಶೇಷವೆಂದು ಕರೆದ. ಆ ಮಾತೇ ದೀರ್ಘಕಾಲ ಪ್ರಮಾಣವಾಯಿತು. 1948ರಲ್ಲಿ ಫೇರ್‌ಬ್ಯಾಂಕ್, ಮಿನಿಸ್ಕಸ್ ತೆಗೆದ ಮೊಣಕಾಲುಗಳ ಎಕ್ಸ್‌ರೇಗಳಲ್ಲಿ ಎಲುಬು ಚಪ್ಪಟೆಯಾಗುವುದನ್ನೂ ಕೀಲಿನ ಅಂತರ ಕುಗ್ಗುವುದನ್ನೂ ತೋರಿಸಿದರೂ, ರೂಢಿ ಬೇಗ ಬದಲಾಗಲಿಲ್ಲ. 1962ರಲ್ಲಿ ಜಪಾನಿನ ಮಸಾಕಿ ವಾತಾನಾಬೆ ಸಣ್ಣ ರಂಧ್ರದ ಮೂಲಕ ದರ್ಶಕವನ್ನು ತೂರಿಸಿ, ಹರಿದ ಭಾಗವನ್ನಷ್ಟೇ ತೆಗೆದ. ಆ ವಿಧಾನ ಕಬಡ್ಡಿಯ ಆ ತರುಣನನ್ನು ಸಕಾಲಕ್ಕೆ ತಲುಪಲಿಲ್ಲ.

ಈಗ ಅವರ ಮೊಮ್ಮಗಳೂ ಕಬಡ್ಡಿ ಆಡುತ್ತಾಳೆ. ಅವಳ ಮಿನಿಸ್ಕಸ್ ಹರಿದಾಗ ವೈದ್ಯರು ಎರಡು ದಾರಿ ತೋರಿದರು. ಹರಿದ ತುಂಡನ್ನು ಕತ್ತರಿಸಿದರೆ ಕೆಲವೇ ವಾರಗಳಲ್ಲಿ ಆಟ. ಹೊಲಿದರೆ ಹಲವು ತಿಂಗಳ ವಿಶ್ರಾಂತಿ. ಮಿನಿಸ್ಕಸ್ಸಿನ ಹೊರ ಅಂಚಿಗೆ ಮಾತ್ರ ರಕ್ತನಾಳಗಳು ಚೆನ್ನಾಗಿ ತಲುಪುತ್ತವೆ. ಗಾಯ ಅಲ್ಲಿಯೇ ಇದ್ದುದರಿಂದ ಕೂಡಿಕೊಳ್ಳುವ ಸಂಭವವಿತ್ತು. ರಾಜ್ಯಮಟ್ಟದ ಆಯ್ಕೆ ಸಮೀಪಿಸಿತ್ತು. ಅವಳು ಕತ್ತರಿಸಿ ಎಂದಳು.

ಅಜ್ಜ ವಾದ ಮಾಡಲಿಲ್ಲ. ತರಗತಿಯಲ್ಲಿ ನೂರಾರು ಸಲ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರು: ‘ಹಿಂದೆ ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಬದುಕು. ೞಕಾರ ಬಳಕೆಯಿಂದ ಬಿದ್ದುಹೋಯಿತು, ಯಾರಿಗೂ ಕೊರತೆಯೆನಿಸಲಿಲ್ಲ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಆ ಅಕ್ಷರವನ್ನು ವಿವರಿಸಿಡದಿದ್ದರೆ ಇಂದು ಹಳೆಯ ಕಾವ್ಯ ಓದುವಾಗ ಎಷ್ಟು ಕಡೆ ತಡವರಿಸುತ್ತಿದ್ದೆವು! ಕಳೆದುಕೊಂಡದ್ದರ ಬೆಲೆ ಕಳೆದುಕೊಂಡ ದಿನವೇ ತಿಳಿಯುವುದಿಲ್ಲ.’ ಬಳಿಕ ಪಂಚೆಯನ್ನು ಮೇಲೆತ್ತಿ, ಬಾಗಿದ ಕಾಲನ್ನೂ ಉದ್ದನೆಯ ಹಳೆಯ ಗಾಯದ ಗುರುತನ್ನೂ ಅವಳಿಗೆ ತೋರಿಸಿದರು.

ಮೊಮ್ಮಗಳು ಹೊಲಿಗೆಗೆ ಒಪ್ಪಿದಳು. ಆ ವರ್ಷದ ಆಯ್ಕೆ ತಪ್ಪಿತು. ಅದಕ್ಕಾಗಿ ಅವಳು ಅತ್ತಳು, ಅಜ್ಜನೊಡನೆ ಕೆಲವು ದಿನ ಮಾತು ಬಿಟ್ಟಳು. ಮುಂದಿನ ಕಾವ್ಯವಾಚನದಂದು ಗೋಡೆಯ ಪಕ್ಕದಲ್ಲಿ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಅಜ್ಜ, ಇನ್ನೊಂದರಲ್ಲಿ ಪಟ್ಟಿ ಕಟ್ಟಿದ ಕಾಲನ್ನು ನೀಳವಾಗಿ ಚಾಚಿಕೊಂಡ ಮೊಮ್ಮಗಳು. ಅವಳದು ಕೆಲವು ತಿಂಗಳ ಮಟ್ಟಿನ ಕುರ್ಚಿ.